ಹಳೆಯ ಕಾರಿನ ಹ್ಯಾಂಡ್‌ಬ್ರೇಕ್ ಕೇಬಲ್ ದುರಸ್ತಿ: ಡ್ರಮ್ಮಿನಿಂದ ಲಿವರಿನವರೆಗೆ

ಹ್ಯಾಂಡ್‌ಬ್ರೇಕ್ ಲಿವರ್ ಎಳೆದಷ್ಟೂ ಮೇಲೇರುತ್ತದೆ, ಆದರೂ ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ಮೆಲ್ಲನೆ ಜರುಗುತ್ತದೆ ಎಂದಾದಾಗ ಹೆಚ್ಚಿನವರು ಮೊದಲು ಮಾಡುವುದು ಕೇಬಲ್ ತುದಿಯ ನಟ್ಟನ್ನು ಇನ್ನೆರಡು ಸುತ್ತು ಬಿಗಿಗೊಳಿಸುವ ಕೆಲಸವನ್ನೇ. ಲಿವರ್ ಗಟ್ಟಿಯಾಗುತ್ತದೆ, ಕಾರು ನಿಲ್ಲುತ್ತದೆ, ಕೆಲಸ ಮುಗಿಯಿತೆಂಬ ಸಮಾಧಾನವೂ ಆಗುತ್ತದೆ. ನಾನೂ ಮೊದಲ ಸಲ ಹೀಗೆಯೇ ಮಾಡಿದ್ದೆ. ಅರ್ಧ ಗಂಟೆ ಓಡಿಸಿ ನಿಲ್ಲಿಸಿದಾಗ ಹಿಂದಿನ ಎಡಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಅಂಗೈಯನ್ನು ಹತ್ತಿರ ಒಯ್ಯಲೂ ಆಗದಷ್ಟು ಡ್ರಮ್, ಅಂದರೆ ಚಕ್ರದೊಂದಿಗೆ ತಿರುಗುವ ಬ್ರೇಕಿನ ಲೋಹದ ಬಟ್ಟಲು, ಕಾದಿತ್ತು. ಬಿಚ್ಚಿ ನೋಡಿದರೆ ಡ್ರಮ್ಮಿನ ಒಳಗೋಡೆಗೆ ಒತ್ತಿ ಅದನ್ನು ಹಿಡಿಯುವ ಬಿಲ್ಲಿನಾಕಾರದ ಶೂಗಳ ಲೈನಿಂಗ್, ಅಂದರೆ ಉಜ್ಜುವ ಹೊದಿಕೆ, ಸವೆದು ತೆಳ್ಳಗಾಗಿತ್ತು, ಆ ಸವೆತವನ್ನು ನಾನು ಕೇಬಲ್ ಎಳೆದು ಮುಚ್ಚಿಹಾಕಿದ್ದೆ, ಅಷ್ಟೆ. ಆದ್ದರಿಂದ ಇಲ್ಲಿ ಹೇಳುವ ಕೆಲಸದ ಕ್ರಮ ಒಂದೇ: ಮೊದಲು ಡ್ರಮ್ಮಿನ ಒಳಗು, ಆಮೇಲೆ ಕೇಬಲ್, ನಟ್ಟಿಗೆ ಕೈ ಹಾಕುವುದು ಕಟ್ಟಕಡೆಗೆ.

ಎಳೆತ ಸಾಗುವ ದಾರಿ

ಹ್ಯಾಂಡ್‌ಬ್ರೇಕಿಗೂ ಕಾಲಿನ ಬ್ರೇಕಿನ ಎಣ್ಣೆಗೂ ಸಂಬಂಧವಿಲ್ಲ. ಇದು ಪೂರ್ತಿಯಾಗಿ ಯಾಂತ್ರಿಕ ವ್ಯವಸ್ಥೆ. ಎಣ್ಣೆಯ ಒತ್ತಡ ಸೋರಿ ಹೋದರೂ ಇದು ಹಿಡಿದುಕೊಳ್ಳಬೇಕು ಎಂಬುದೇ ಇದರ ಉದ್ದೇಶ. ಸಾಮಾನ್ಯ ವಿನ್ಯಾಸದಲ್ಲಿ ಲಿವರಿನಿಂದ ಒಂದು ಮುಂಭಾಗದ ಕೇಬಲ್ ಅಥವಾ ಸಲಾಕೆ ಹೊರಟು ಕಾರಿನ ನಡುವಿನ ಈಕ್ವಲೈಸರಿಗೆ ಸೇರುತ್ತದೆ. ಈಕ್ವಲೈಸರ್ ಎಂದರೆ ತಕ್ಕಡಿಯ ದಂಡಿಗೆಯಂಥ ಒಂದು ತುಂಡು. ಒಂದು ಎಳೆತವನ್ನು ಎರಡು ಚಕ್ರಗಳಿಗೆ ಸಮನಾಗಿ ಹಂಚುವುದು ಅದರ ಕೆಲಸ. ಅಲ್ಲಿಂದ ಎರಡು ಕೇಬಲ್‌ಗಳು ಹಿಂದಿನ ಎರಡು ಡ್ರಮ್‌ಗಳಿಗೆ ಹೋಗುತ್ತವೆ. ಡ್ರಮ್ಮಿನೊಳಗೆ, ಹಿಂಬದಿಯ ಶೂಗೆ ಜೋಡಿಸಿದ ಚಪ್ಪಟೆ ಸನ್ನೆಯ ತುದಿಗೆ ಕೇಬಲ್ ಸಿಕ್ಕಿಕೊಂಡಿರುತ್ತದೆ. ಕೇಬಲ್ ಎಳೆದಾಗ ಆ ಸನ್ನೆ ಎರಡು ಶೂಗಳ ನಡುವಿನ ಅಡ್ಡಪಟ್ಟಿಯ ಮೂಲಕ ಮುಂದಿನ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ. ಮುಂದಿನದು ತಾಗಿ ನಿಂತ ಮೇಲೆ ಅದೇ ಬಲ ತಿರುಗಿ ಹಿಂದಿನ ಶೂವನ್ನೂ ಒತ್ತುತ್ತದೆ.

ಎಲ್ಲ ಕಾರುಗಳೂ ಹೀಗಿರುವುದಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಈಕ್ವಲೈಸರ್ ಇಲ್ಲ. ಲಿವರಿನಿಂದಲೇ ಎರಡು ಪ್ರತ್ಯೇಕ ಕೇಬಲ್‌ಗಳು ನಡುವಿನ ಸುರಂಗದೊಳಗಿನ ಕೊಳವೆಗಳ ಮೂಲಕ ಹಿಂದಕ್ಕೆ ಹೋಗುತ್ತವೆ, ಹೊಂದಾಣಿಕೆಯ ನಟ್ಟುಗಳೂ ಕಾರಿನ ಒಳಗೆ, ಲಿವರಿನ ಬುಡದಲ್ಲೇ ಇರುತ್ತವೆ. ಹಳೆಯ ಮಿನಿಯಲ್ಲಿ ಕೇಬಲ್ ಹಿಂದಿನ ತೋಳುಗಳ ಮೇಲಿರುವ ಸಣ್ಣ ತಿರುಗು ತುಂಡೊಂದನ್ನು ಸುತ್ತಿ ಹೋಗುತ್ತದೆ, ಆ ತುಂಡು ತುಕ್ಕು ಹಿಡಿದು ನಿಂತರೆ ತಂತಿ ಅದರ ಮೇಲೆ ಉಜ್ಜಿ ಉಜ್ಜಿ ಸವೆಯುತ್ತದೆ. ಸಾಬ್ 99ರ ಹ್ಯಾಂಡ್‌ಬ್ರೇಕ್ ಮುಂದಿನ ಚಕ್ರಗಳ ಮೇಲೆ ಕೆಲಸ ಮಾಡುತ್ತದೆ. ಲ್ಯಾಂಡ್ ರೋವರಿನ ಹಳೆಯ ಸರಣಿಗಳಲ್ಲಂತೂ ಹ್ಯಾಂಡ್‌ಬ್ರೇಕಿನ ಡ್ರಮ್ ಚಕ್ರದಲ್ಲಿಲ್ಲ, ಗೇರ್‌ಪೆಟ್ಟಿಗೆಯ ಹಿಂದೆ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ; ಅಲ್ಲಿ ಎಳೆಯುವುದು ಸಲಾಕೆಗಳು. ಹಾಗಾಗಿ ಕೈ ಹಾಕುವ ಮೊದಲು ನಿಮ್ಮ ಕಾರಿನ ವರ್ಕ್‌ಶಾಪ್ ಕೈಪಿಡಿಯನ್ನು ಒಮ್ಮೆ ತೆರೆದು ದಾರಿಯನ್ನು ಗುರುತಿಸಿಕೊಳ್ಳಿ. ಇಲ್ಲಿ ನಾನು ವಿವರಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ, ಹಿಂದೆ ಡ್ರಮ್ ಇರುವ, ಈಕ್ವಲೈಸರ್ ಇರುವ ವಿನ್ಯಾಸವನ್ನು.

ಕೇಬಲ್ಲಿನ ಬಗ್ಗೆಯೂ ಒಂದು ಮಾತು. ಸುರುಳಿ ಸುತ್ತಿದ ಉಕ್ಕಿನ ಹೊರಕವಚದೊಳಗೆ ಹೆಣೆದ ಒಳತಂತಿ ಜಾರುವ ಈ ಬಗೆಯ ಕೇಬಲ್ಲಿಗೆ, ಅರ್ನೆಸ್ಟ್ ಮಾನಿಂಗ್ಟನ್ ಬೌಡೆನ್ 1896ರಲ್ಲಿ ಪಡೆದ ಪೇಟೆಂಟಿನಿಂದಾಗಿ, ಇವತ್ತಿಗೂ ಬೌಡೆನ್ ಕೇಬಲ್ ಎಂದೇ ಹೆಸರು. ಒಳತಂತಿ ಎಳೆದಷ್ಟೇ ಬಲದಿಂದ ಹೊರಕವಚ ಒತ್ತುತ್ತದೆ ಎಂಬುದನ್ನು ಮರೆಯಬಾರದು. ಕವಚದ ಎರಡೂ ತುದಿಗಳು ಗಟ್ಟಿಯಾಗಿ ಆತುಕೊಂಡಿದ್ದರೆ ಮಾತ್ರ ಎಳೆತ ಚಕ್ರಕ್ಕೆ ತಲುಪುತ್ತದೆ. ತುಕ್ಕು ತಿಂದ ಬ್ರಾಕೆಟ್ ಒಂದು ಬಾಗುತ್ತಿದ್ದರೆ, ಹೊಸ ಕೇಬಲ್ ಹಾಕಿದರೂ ಲಿವರ್ ಮೆತ್ತಗೇ ಇರುತ್ತದೆ.

ದೋಷ ಎಲ್ಲಿದೆಯೆಂದು ಮೊದಲು ತಿಳಿಯುವುದು

ಲಿವರನ್ನು ಪೂರ್ತಿ ಇಳಿಸಿ, ನಿಧಾನವಾಗಿ ಎತ್ತುತ್ತ ಕಟಕ್ ಸದ್ದುಗಳನ್ನು ಎಣಿಸಿ. ಒಂದೊಂದು ಸದ್ದೂ ರ್ಯಾಚೆಟ್ಟಿನ, ಅಂದರೆ ಲಿವರನ್ನು ಏರಿದಲ್ಲೇ ಹಿಡಿಯುವ ಹಲ್ಲುಪಟ್ಟಿಯ, ಒಂದೊಂದು ಹಲ್ಲು. ಹೆಚ್ಚಿನ ಕಾರುಗಳಲ್ಲಿ ನಾಲ್ಕರಿಂದ ಏಳು ಹಲ್ಲುಗಳೊಳಗೆ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಕು. ಹತ್ತಕ್ಕೂ ಹೆಚ್ಚು ಹಲ್ಲು ಏರಿದರೆ ಶೂ ಸವೆದಿದೆ, ಇಲ್ಲವೇ ಕೀಲುಗಳಲ್ಲಿ ಸಡಿಲವಿದೆ. ಲಿವರ್ ಎತ್ತಿದಾಗ ಯಾವ ಪ್ರತಿರೋಧವೂ ಇಲ್ಲದೆ ಕೈಗೆ ಬಂದುಬಿಟ್ಟರೆ ತಂತಿ ತುಂಡಾಗಿದೆ ಅಥವಾ ತುದಿಯ ಗುಂಡಿ ಕಳಚಿದೆ. ಗಟ್ಟಿಯಾಗಿ ಏರಿದರೂ ಕಾರು ನಿಲ್ಲದಿದ್ದರೆ ತಂತಿ ಕವಚದೊಳಗೆ ತುಕ್ಕಿನಿಂದ ಅಂಟಿಕೊಂಡಿರುವ ಸಂಭವವೇ ಹೆಚ್ಚು; ಅಂದರೆ ನಿಮ್ಮ ಬಲವೆಲ್ಲ ಅರ್ಧ ದಾರಿಯಲ್ಲೇ ಕರಗುತ್ತಿದೆ. ಎತ್ತಿದ ಲಿವರ್ ಇಳಿಸಿದ ಮೇಲೂ ಚಕ್ರ ಬಿಗಿಯಾಗಿಯೇ ಉಳಿದರೆ ಅದೂ ಬಹುಮಟ್ಟಿಗೆ ಇದೇ ರೋಗ.

ಲಿವರನ್ನು ಎತ್ತಿ ನಿಲ್ಲಿಸಿ ಅಂಗೈಯಿಂದ ಬದಿಗೆ ಎರಡು ಏಟು ಕೊಡಿ. ಅದು ಕಳಚಿ ಕೆಳಗೆ ಬಿದ್ದರೆ ಕೇಬಲ್ಲಿನದು ತಪ್ಪಲ್ಲ, ರ್ಯಾಚೆಟ್ಟಿನ ಹಲ್ಲುಗಳು ಅಥವಾ ಹಲ್ಲಿಗೆ ಸಿಕ್ಕಿಕೊಳ್ಳುವ ಕೊಕ್ಕೆ ಸವೆದಿದೆ. ಇಂಥ ಹಲ್ಲುಗಳನ್ನು ಅರದಿಂದ ಉಜ್ಜಿ ಚೂಪು ಮಾಡುವ ಅಭ್ಯಾಸ ಕೆಲವರಿಗಿದೆ. ಮೇಲ್ಮೈಯ ಗಟ್ಟಿ ಪದರ ಹೋದ ಹಲ್ಲು ಮತ್ತೆ ಬೇಗನೆ ಸವೆಯುವುದರಿಂದ ಆ ಭಾಗವನ್ನು ಬದಲಿಸುವುದೇ ಸರಿ.

“ಕೇಬಲ್ ಹಿಗ್ಗಿದೆ” ಎಂಬ ಮಾತನ್ನು ನಾವು ತುಂಬ ಸುಲಭವಾಗಿ ಆಡುತ್ತೇವೆ. ಉಕ್ಕಿನ ತಂತಿ ತಾನಾಗಿ ಹಿಗ್ಗುವುದು ಬಹಳ ಕಡಿಮೆ. ಎಳೆಗಳು ಒಂದರ ಮೇಲೊಂದು ಕುಳಿತುಕೊಳ್ಳುವುದು, ಕವಚ ಕುಗ್ಗುವುದು, ಮುಖ್ಯವಾಗಿ ಕೀಲುಪಿನ್‌ಗಳು ಸವೆಯುವುದು, ಇವೆಲ್ಲ ಸೇರಿ ಹಿಗ್ಗಿದಂತೆ ಕಾಣುತ್ತದೆ. ನಾಲ್ಕು ಕೀಲುಗಳಲ್ಲಿ ತಲಾ ಅರ್ಧ ಮಿಲಿಮೀಟರ್ ಸಡಿಲವಿದ್ದರೆ ಒಟ್ಟು 2 ಮಿಲಿಮೀಟರ್. ಲಿವರಿನ ಅನುಪಾತ ಒಂದಕ್ಕೆ ಆರು ಎಂದಿಟ್ಟುಕೊಂಡರೆ ಹಿಡಿಯ ಹತ್ತಿರ ಅದು 12 ಮಿಲಿಮೀಟರಿನ ವ್ಯರ್ಥ ಚಲನೆಯಾಗುತ್ತದೆ.

ಕಾರನ್ನು ಎತ್ತುವ ಮುನ್ನ

ಈ ಕೆಲಸದ ನಿಜವಾದ ಅಪಾಯ ಇಲ್ಲೇ ಇದೆ: ಕಾರನ್ನು ಹಿಡಿದಿಡುವ ಸಾಧನವನ್ನೇ ನಾವು ಬಿಚ್ಚುತ್ತಿದ್ದೇವೆ. ಸಮತಟ್ಟಾದ ಗಟ್ಟಿ ನೆಲವನ್ನು ಆರಿಸಿಕೊಳ್ಳಿ. ಮುಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಮರದ ಬೆಣೆಗಳನ್ನು ಬಲವಾಗಿ ಕೊಡಿ. ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರಿನಲ್ಲಿ ಗೇರ್ ಹಾಕಿಟ್ಟರೂ ಹಿಂಭಾಗ ಎತ್ತಿದ ಮೇಲೆ ಅದರಿಂದ ಪ್ರಯೋಜನವಿಲ್ಲ, ಬೆಣೆಗಳೇ ಆಧಾರ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜ್ಯಾಕಿನಿಂದ ಎತ್ತಿ, ತಯಾರಕರು ಗುರುತಿಸಿದ ಜಾಗದಲ್ಲಿ ಎರಡು ಸ್ಟ್ಯಾಂಡ್‌ಗಳನ್ನು ಇಟ್ಟು ಕಾರನ್ನು ಅವುಗಳ ಮೇಲೆ ಕೂರಿಸಿ. ಹಳೆಯ ಕಾರಿನ ತಳ ಹೊರಗೆ ಬಣ್ಣ ಹೊತ್ತು ಒಳಗೆ ತುಕ್ಕು ತಿಂದಿರುವುದು ಸಾಮಾನ್ಯ, ಆದ್ದರಿಂದ ಸ್ಟ್ಯಾಂಡ್ ಇಡುವ ಜಾಗವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಸ್ಟ್ಯಾಂಡ್ ಕೊಟ್ಟ ಮೇಲೆ ಕಾರನ್ನು ಕೈಯಿಂದ ಅಲುಗಿಸಿ ನೋಡದೆ ಅಡಿಗೆ ಹೋಗಬೇಡಿ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿ.

ಎರಡನೆಯದು ಧೂಳು. 1980ರ ದಶಕದವರೆಗೆ ತಯಾರಾದ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಸಾಮಾನ್ಯವಾಗಿತ್ತು, ಅದರ ನಾರು ಶ್ವಾಸಕೋಶದಲ್ಲಿ ಕ್ಯಾನ್ಸರ್ ತರುತ್ತದೆ. ನಿಮ್ಮ ಶೂಗಳು ಯಾವ ಕಾಲದವೆಂಬುದು ಖಚಿತವಿಲ್ಲದಿದ್ದರೆ ಅವುಗಳಲ್ಲಿ ಆಸ್ಬೆಸ್ಟಾಸ್ ಇದೆಯೆಂದೇ ನಡೆದುಕೊಳ್ಳಿ. ಗಾಳಿಯ ಪೈಪಿನಿಂದ ಊದಬೇಡಿ, ಒಣ ಬ್ರಶ್ಶಿನಿಂದ ಗುಡಿಸಬೇಡಿ. ಸಾಬೂನು ನೀರು ಅಥವಾ ಬ್ರೇಕ್ ಕ್ಲೀನರಿನಿಂದ ತೋಯಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿಡಿ. ಸೂಕ್ಷ್ಮ ಧೂಳು ತಡೆಯುವ, ಮುಖಕ್ಕೆ ಬಿಗಿಯಾಗಿ ಕೂರುವ ಮುಖಗವಸು ಬೇಕೇ ಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಇದಕ್ಕೆ ಸಾಲದು.

ಉಪಕರಣಗಳು ಹೆಚ್ಚೇನೂ ಬೇಡ: ಸ್ಪ್ಯಾನರುಗಳು, ಉದ್ದ ಮೂತಿಯ ಇಕ್ಕಳ, ಬಿಗಿದು ನಿಲ್ಲುವ ಲಾಕಿಂಗ್ ಇಕ್ಕಳ, ತಂತಿಯ ಬ್ರಶ್, ತುಕ್ಕು ಸಡಿಲಿಸುವ ಎಣ್ಣೆ, ಬ್ರೇಕಿಗೆಂದೇ ಇರುವ ಗ್ರೀಸ್, ಒಂದು ಹೋಸ್ ಕ್ಲಿಪ್, ಗಟ್ಟಿ ದಾರ, ಟೇಪು, ಕೀಲುಪಿನ್ ಜಾರದಂತೆ ತೂರಿಸಿ ಕಾಲು ಮಡಚುವ ಹೊಸ ಸ್ಪ್ಲಿಟ್ ಪಿನ್‌ಗಳು. ತುಕ್ಕು ಹಿಡಿದ ಎಲ್ಲ ನಟ್ಟುಗಳಿಗೂ ಪಿನ್‌ಗಳಿಗೂ ಹಿಂದಿನ ರಾತ್ರಿಯೇ ಎಣ್ಣೆ ಹಾಕಿಟ್ಟರೆ ಮರುದಿನದ ಬೈಗುಳ ಅರ್ಧಕ್ಕೆ ಇಳಿಯುತ್ತದೆ.

ಡ್ರಮ್ಮಿನ ಒಳಗೆ

ಲಿವರನ್ನು ಪೂರ್ತಿ ಇಳಿಸಿ, ಕೇಬಲ್ಲಿನ ಹೊಂದಾಣಿಕೆಯ ನಟ್ಟನ್ನು ಸಡಿಲಿಸಿ, ಶೂಗಳ ಹೊಂದಾಣಿಕೆಯನ್ನೂ, ಅಂದರೆ ಶೂಗಳು ಡ್ರಮ್ಮಿಗೆ ಎಷ್ಟು ಹತ್ತಿರ ನಿಲ್ಲಬೇಕೆಂದು ನಿಗದಿ ಮಾಡುವ ತಿರುಪನ್ನೂ, ಹಿಂದಕ್ಕೆ ತಿರುಗಿಸಿ. ಡ್ರಮ್ಮಿನ ಅಂಚಿನಲ್ಲಿ ಸವೆತದಿಂದ ಒಂದು ಏಣು ಎದ್ದಿರುತ್ತದೆ, ಶೂಗಳು ಒಳಕ್ಕೆ ಸರಿಯದಿದ್ದರೆ ಆ ಏಣು ಅವುಗಳಿಗೆ ಸಿಕ್ಕಿಕೊಂಡು ಡ್ರಮ್ ಹೊರಗೆ ಬರುವುದಿಲ್ಲ. ಡ್ರಮ್ ಹಿಡಿದಿರುವ ಸ್ಕ್ರೂಗಳು ಅಲುಗದಿದ್ದರೆ ಇಂಪ್ಯಾಕ್ಟ್ ಡ್ರೈವರಿನಿಂದ ಏಟು ಕೊಟ್ಟು ತಿರುಗಿಸಿ. ಸಾಮಾನ್ಯ ಸ್ಕ್ರೂಡ್ರೈವರಿನಿಂದ ಹಠ ಹಿಡಿದರೆ ಸ್ಕ್ರೂವಿನ ತಲೆ ಹಾಳಾಗುತ್ತದೆ. ಕೆಲವು ಡ್ರಮ್‌ಗಳಲ್ಲಿ ಮರೆ, ಅಂದರೆ ಬೋಲ್ಟು ತಿರುಗಿ ಕೂರುವ ಸುರುಳಿ ಗೆರೆ, ಇರುವ ಎರಡು ತೂತುಗಳಿರುತ್ತವೆ. ಅವುಗಳಿಗೆ ಹೊಂದುವ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ಡ್ರಮ್ಮಿನ ಅಂಚಿಗೆ ಸುತ್ತಿಗೆಯಿಂದ ಹೊಡೆಯಬೇಡಿ, ಎರಕದ ಕಬ್ಬಿಣ ಸೀಳುತ್ತದೆ.

ಎರಡೂ ಡ್ರಮ್‌ಗಳನ್ನು ತೆಗೆದರೂ ಶೂಗಳನ್ನು ಒಮ್ಮೆಗೆ ಒಂದು ಬದಿಯಲ್ಲಿ ಮಾತ್ರ ಬಿಚ್ಚಿ. ಯಾವ ಸ್ಪ್ರಿಂಗ್ ಯಾವ ತೂತಿಗೆ ಎಂಬ ಪ್ರಶ್ನೆ ಬಂದಾಗ ಇನ್ನೊಂದು ಬದಿಯೇ ಉತ್ತರ ಹೇಳುತ್ತದೆ, ಆದರೆ ಅದು ಕನ್ನಡಿಯ ಪ್ರತಿಬಿಂಬದಂತೆ ತಿರುವುಮುರುವಾಗಿರುತ್ತದೆ ಎಂಬುದು ಗಮನದಲ್ಲಿರಲಿ. ಬಿಚ್ಚುವ ಮೊದಲು ಒಂದು ಫೋಟೋ ತೆಗೆದಿಡಿ. ಡ್ರಮ್ ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ಒತ್ತಬಾರದು, ಒತ್ತಿದರೆ, ಎಣ್ಣೆಯ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಚಿಮ್ಮುತ್ತದೆ.

ಇಲ್ಲಿ ನೋಡಬೇಕಾದ್ದು ಮೂರು. ಲೈನಿಂಗ್ ತೆಳ್ಳಗಾಗಿದೆಯೇ, ರಿವೆಟ್ಟಿನ ತಲೆಗಳು ಮೇಲ್ಮೈಗೆ ಹತ್ತಿರ ಬಂದಿವೆಯೇ. ವೀಲ್ ಸಿಲಿಂಡರಿನ ರಬ್ಬರನ್ನು ಮೆಲ್ಲನೆ ಎತ್ತಿದರೆ ಒದ್ದೆ ಕಾಣುತ್ತದೆಯೇ. ಹ್ಯಾಂಡ್‌ಬ್ರೇಕಿನ ಸನ್ನೆ ಬೆರಳಿನಿಂದ ತಳ್ಳಿದಾಗ ಸಲೀಸಾಗಿ ಆಡಿ, ಬಿಟ್ಟಾಗ ಶೂವಿನ ಅಂಚಿನ ತಡೆಗೆ ಬಂದು ಆತುಕೊಳ್ಳುತ್ತದೆಯೇ. ಈ ಮೂರನೆಯದನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಕೇಬಲ್ ಅತಿಯಾಗಿ ಬಿಗಿಯಾಗಿದ್ದ ಕಾರಿನಲ್ಲಿ ಸನ್ನೆ ತಡೆಯಿಂದ ಎರಡು ಮೂರು ಮಿಲಿಮೀಟರ್ ಮುಂದೆ ತೂಗಾಡುತ್ತಿರುತ್ತದೆ. ಆ ಸ್ಥಿತಿಯಲ್ಲಿ ಶೂ ತನ್ನ ವಿಶ್ರಾಂತಿಯ ಜಾಗಕ್ಕೆ ಹಿಂತಿರುಗುವುದಿಲ್ಲ, ಸ್ವಯಂಚಾಲಿತ ಹೊಂದಾಣಿಕೆ ಇರುವ ಬ್ರೇಕಿನಲ್ಲಿ ಆ ಹೊಂದಾಣಿಕೆಯೂ ಕೆಲಸ ಮಾಡುವುದಿಲ್ಲ. ಶೂ ಸವೆಯುತ್ತದೆ, ಲಿವರ್ ಮತ್ತೆ ಏರುತ್ತದೆ, ಮಾಲೀಕರು ಮತ್ತೆ ನಟ್ಟು ಬಿಗಿಯುತ್ತಾರೆ.

ಸನ್ನೆಯ ಕೀಲನ್ನು ಬಿಡಿಸಿ ಒಂದು ಹನಿ ಎಣ್ಣೆ ಕೊಡಿ. ಬ್ಯಾಕ್ ಪ್ಲೇಟಿನ, ಅಂದರೆ ಶೂಗಳ ಹಿಂದೆ ತಿರುಗದೆ ನಿಂತಿರುವ ತಟ್ಟೆಯ, ಮೇಲೆ ಶೂಗಳು ಜಾರುವ ಉಬ್ಬುಗಳನ್ನು ತಂತಿಯ ಬ್ರಶ್ಶಿನಿಂದ ಒದ್ದೆಯಾಗಿಯೇ ಉಜ್ಜಿ, ಬ್ರೇಕ್ ಗ್ರೀಸನ್ನು ಉಗುರಿನಲ್ಲಿ ಹಿಡಿಯುವಷ್ಟು ಮಾತ್ರ ಸವರಿ. ಎಣ್ಣೆಯಲ್ಲಿ ನೆನೆದ ಶೂಗಳನ್ನು ತೊಳೆದು ಉಳಿಸಿಕೊಳ್ಳುವ ಪ್ರಯತ್ನ ಬೇಡ. ಲೈನಿಂಗ್ ಹೀರಿಕೊಂಡ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ.

ಹಳೆಯ ಕೇಬಲ್ ಬಿಚ್ಚುವುದು

ಡ್ರಮ್ಮಿನೊಳಗಿನ ತುದಿಯಿಂದ ಆರಂಭಿಸಿ. ತಂತಿಯ ಸುತ್ತ ಒಂದು ಸ್ಪ್ರಿಂಗ್ ಇದ್ದರೆ ಅದನ್ನು ಇಕ್ಕಳದಿಂದ ಹಿಂದಕ್ಕೆ ಒತ್ತಿ ಹಿಡಿಯಬೇಕು. ಒಂದು ಕೈಯಲ್ಲಿ ಅದು ಸಾಧ್ಯವಾಗದು, ಸ್ಪ್ರಿಂಗನ್ನು ಒತ್ತಿದ ಮೇಲೆ ಅದರ ಮುಂದೆ ಬರಿದಾದ ತಂತಿಯನ್ನು ಲಾಕಿಂಗ್ ಇಕ್ಕಳದಿಂದ ಹಗುರವಾಗಿ ಕಚ್ಚಿಸಿ ನಿಲ್ಲಿಸಿದರೆ ಎರಡೂ ಕೈ ಬಿಡುವಾಗುತ್ತವೆ. ಆಗ ತಂತಿಯ ತುದಿಯನ್ನು ಸನ್ನೆಯ ಕೊಕ್ಕೆಯಿಂದ ಪಕ್ಕಕ್ಕೆ ತಪ್ಪಿಸಿ.

ಹೊರಕವಚವನ್ನು ಬ್ಯಾಕ್ ಪ್ಲೇಟಿಗೆ ಹಿಡಿದಿರುವುದು ಕೆಲವು ಕಾರುಗಳಲ್ಲಿ ಒಂದು ಕ್ಲಿಪ್. ಅದನ್ನು ಸ್ಕ್ರೂಡ್ರೈವರಿನಿಂದ ತಳ್ಳಿ ತೆಗೆಯಬಹುದು. ಇನ್ನು ಕೆಲವದರಲ್ಲಿ ಕವಚದ ತುದಿಯಲ್ಲಿ ಬೆರಳುಗಳಂತೆ ಅಗಲಿಕೊಳ್ಳುವ ಮೂರು ನಾಲ್ಕು ಸ್ಪ್ರಿಂಗ್ ಪಟ್ಟಿಗಳಿರುತ್ತವೆ, ತೂತಿನ ಒಳಬದಿಯಲ್ಲಿ ಅವು ಬಿಚ್ಚಿಕೊಂಡು ಹಿಡಿಯುತ್ತವೆ. ಒಂದನ್ನು ಒತ್ತಿದರೆ ಇನ್ನೊಂದು ಎದ್ದು ನಿಲ್ಲುವ ಈ ಕೆಲಸಕ್ಕೆ ಹೋಸ್ ಕ್ಲಿಪ್‌ಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಸಣ್ಣ ಹೋಸ್ ಕ್ಲಿಪ್ಪನ್ನು ಎಲ್ಲ ಬೆರಳುಗಳ ಸುತ್ತ ಹಾಕಿ ತಿರುಪು ಬಿಗಿದರೆ ಅವೆಲ್ಲ ಒಟ್ಟಿಗೆ ಮಡಚಿಕೊಳ್ಳುತ್ತವೆ. ಕವಚವನ್ನು ಹಿಂದಿನಿಂದ ಅರ್ಧ ಎಳೆದು, ಕ್ಲಿಪ್ ಸಡಿಲಿಸಿ, ಪೂರ್ತಿ ಎಳೆದರಾಯಿತು. ಬಿಗಿಯಾಗಿ ಕೂರುವ 12 ಅಥವಾ 13 ಮಿಲಿಮೀಟರಿನ ರಿಂಗ್ ಸ್ಪ್ಯಾನರನ್ನು ಬೆರಳುಗಳ ಮೇಲೆ ಜಾರಿಸಿಯೂ ಇದನ್ನೇ ಸಾಧಿಸಬಹುದು.

ಈಕ್ವಲೈಸರ್ ಬದಿಯಲ್ಲಿ ಲಾಕ್ ನಟ್ ಬಿಚ್ಚುವ ಮೊದಲು ಹೊರಗೆ ಕಾಣುವ ಮರೆಯ ಉದ್ದವನ್ನು ಅಳೆದು ಬರೆದಿಡಿ. ಮರೆಯನ್ನು ತಂತಿಯ ಬ್ರಶ್ಶಿನಿಂದ ಶುಚಿಮಾಡಿ ಎಣ್ಣೆ ಹಾಕದೆ ನಟ್ಟು ತಿರುಗಿಸಿದರೆ ಸಲಾಕೆಯೇ ತಿರುಚಿಕೊಂಡು ಮುರಿಯುತ್ತದೆ, ಆದ್ದರಿಂದ ಸಲಾಕೆಯ ಚಪ್ಪಟೆ ಭಾಗವನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಿ. ನಟ್ಟು ಬಾರದಿದ್ದರೆ ಬೆಂಕಿ ಕೊಡುವ ಯೋಚನೆ ಬರುವುದು ಸಹಜ. ಹಳೆಯ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕೂ ಅದರ ಪೈಪುಗಳೂ ಇದೇ ದಾರಿಯಲ್ಲಿರುತ್ತವೆ. ಕೇಬಲ್ ಹೇಗೂ ಬದಲಾಗುವುದಾದರೆ ನಟ್ಟನ್ನು ಗರಗಸದಿಂದ ಕತ್ತರಿಸುವುದು ಲೇಸು.

ಕವಚವನ್ನು ಕೊಳವೆಯಿಂದಲೋ ಚಾಸಿಯ ಸಂದಿಯಿಂದಲೋ ಎಳೆದು ತೆಗೆಯುವ ಮುನ್ನ ಹಿಂಬದಿಯ ತುದಿಗೆ ಗಟ್ಟಿ ದಾರವನ್ನು ಕಟ್ಟಿ ಮೇಲೆ ಟೇಪು ಸುತ್ತಿ. ಹಳೆಯದು ಹೊರಗೆ ಬಂದಂತೆ ದಾರ ಆ ದಾರಿಯಲ್ಲೇ ಒಳಗೆ ಉಳಿಯುತ್ತದೆ, ಹೊಸ ಕೇಬಲ್ಲಿಗೆ ಅದೇ ದಾರಿ ತೋರಿಸುತ್ತದೆ.

ಉಳಿಸಬೇಕೇ, ಬದಲಿಸಬೇಕೇ

ಹೊರಗೆ ಬಂದ ಕೇಬಲ್ಲನ್ನು ಬೆಳಕಿನಲ್ಲಿ ಹಿಡಿದು ನೋಡಿ. ಒಳತಂತಿಯ ಒಂದೇ ಒಂದು ಎಳೆ ಕಡಿದಿದ್ದರೂ ಕೇಬಲ್ ಹೋಯಿತೆಂದೇ ಲೆಕ್ಕ. ತಂತಿಯ ಮೇಲೆ ಹಳೆಯ ಬಟ್ಟೆಯನ್ನು ಸುತ್ತಿ ಎಳೆದರೆ ಕಡಿದ ಎಳೆ ಬಟ್ಟೆಗೆ ಸಿಕ್ಕುತ್ತದೆ. ಬರಿಗೈಯಲ್ಲಿ ಈ ಪರೀಕ್ಷೆ ಮಾಡಬೇಡಿ, ಉಕ್ಕಿನ ಎಳೆ ಸೂಜಿಯಂತೆ ಬೆರಳಿನೊಳಗೆ ಹೋಗುತ್ತದೆ. ಕವಚ ಒಡೆದಿದ್ದರೆ, ಸುರುಳಿ ಅಗಲಿಕೊಂಡಿದ್ದರೆ, ತುದಿಯ ಲೋಹದ ಟೊಪ್ಪಿಗೆ ಸಡಿಲವಾಗಿದ್ದರೆ ಕೂಡ ಬದಲಿಸಬೇಕು.

ಎಳೆಗಳೆಲ್ಲ ಸರಿಯಿದ್ದು ಬರೀ ಒಣಗಿ ಬಿಗಿಯಾಗಿದ್ದರೆ ಉಳಿಸುವ ಪ್ರಯತ್ನ ಮಾಡಬಹುದು. ಕೇಬಲ್ಲನ್ನು ಎತ್ತರದಲ್ಲಿ ನೇತುಹಾಕಿ, ಮೇಲಿನ ತುದಿಗೆ ಸಣ್ಣ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಕತ್ತರಿಸಿ ಆಲಿಕೆಯಂತೆ ಟೇಪಿನಿಂದ ಬಿಗಿದು, ಅದರೊಳಗೆ ತೆಳು ಎಣ್ಣೆ ಸುರಿದು ರಾತ್ರಿಯಿಡೀ ಬಿಡಿ. ಮೊದಲು ಬರುವುದು ಚಹಾದ ಬಣ್ಣದ ತುಕ್ಕಿನ ನೀರು. ಕೆಳಗೆ ಇಳಿಯುವ ಎಣ್ಣೆ ತಿಳಿಯಾಗುವವರೆಗೆ ತಂತಿಯನ್ನು ಆಗಾಗ ಮೇಲೆ ಕೆಳಗೆ ಎಳೆಯುತ್ತಿರಿ. ಕೆಲವು ಬ್ರಿಟಿಷ್ ಕಾರುಗಳ ಹ್ಯಾಂಡ್‌ಬ್ರೇಕ್ ಕೇಬಲ್ಲಿನ ಮೇಲೆ ಗ್ರೀಸ್ ನಿಪ್ಪಲ್ ಇರುತ್ತದೆ. ಅದು ಅಲಂಕಾರಕ್ಕಿಟ್ಟದ್ದಲ್ಲ, ಪ್ರತಿ ಸರ್ವಿಸಿನಲ್ಲೂ ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಬೇಕೆಂದೇ ಇಟ್ಟದ್ದು. ಹೀಗೆ ಉಳಿಸಿದ ಕೇಬಲ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಹೊಸದು ಸಿಗುವ ಕಾರಾದರೆ ಇದು ಹೊಸದು ಬರುವವರೆಗಿನ ವ್ಯವಸ್ಥೆ ಮಾತ್ರ. ಒಳಗೊಮ್ಮೆ ತುಕ್ಕು ಕಂಡ ಕವಚ ಮಳೆಗಾಲದ ನಂತರ ಮತ್ತೆ ಹಿಡಿಯುತ್ತದೆ.

ಅಪರೂಪದ ಕಾರಿಗೆ ಕೇಬಲ್ ಸಿಗದಿದ್ದರೆ ಹಳೆಯದರ ಅಳತೆಗೆ ಹೊಸದನ್ನು ಮಾಡಿಸಬೇಕಾಗುತ್ತದೆ. ತಂತಿಯ ತುದಿಗಳನ್ನು ಯಂತ್ರದಿಂದ ಒತ್ತಿ ಬಿಗಿದ ಗುಂಡಿಗಳೇ ಇರಬೇಕು. ಮನೆಯಲ್ಲಿ ಸೀಸದ ಬೆಸುಗೆ ಹಾಕಿದ ತುದಿ, ತೂತಿನ ಬೋಲ್ಟಿನಲ್ಲಿ ತಂತಿಯನ್ನು ತಿರುಪಿನಿಂದ ಒತ್ತಿ ಹಿಡಿಯುವ ಜೋಡಣೆ, ಎರಡು ತುಂಡು ತಂತಿಯನ್ನು ಕ್ಲಾಂಪಿನಿಂದ ಸೇರಿಸುವುದು, ಇವು ಯಾವುವೂ ಬ್ರೇಕಿಗೆ ಸಲ್ಲವು.

ಅಳತೆಯ ಲೆಕ್ಕ

ಹೊಸ ಕೇಬಲ್ ಬಂದೊಡನೆ ಹಳೆಯದರ ಪಕ್ಕದಲ್ಲಿ ಚಾಚಿ ಮಲಗಿಸಿ ಎರಡು ಉದ್ದಗಳನ್ನು ಅಳೆಯಿರಿ: ಒಳತಂತಿಯ ಒಟ್ಟು ಉದ್ದ, ಹೊರಕವಚದ ಉದ್ದ. ಇವೆರಡರ ವ್ಯತ್ಯಾಸವೇ ಹೊರಗೆ ಉಳಿಯುವ ತಂತಿ, ಕೆಲಸ ನಡೆಯುವುದು ಅದರ ಮೇಲೆ. ಉದಾಹರಣೆಗೆ ಹಳೆಯದರ ತಂತಿ 1450 ಮಿಲಿಮೀಟರ್, ಕವಚ 1200 ಮಿಲಿಮೀಟರ್ ಇದ್ದರೆ ಹೊರಗೆ ಉಳಿಯುವುದು 250. ಹೊಸದರ ತಂತಿಯೂ 1450 ಇದೆಯೆಂದು ನೀವು ಸಮಾಧಾನಪಟ್ಟರೂ ಕವಚ 1215 ಇದ್ದುಬಿಟ್ಟರೆ ಹೊರಗೆ ಉಳಿಯುವುದು 235 ಮಾತ್ರ. ಹೊಂದಾಣಿಕೆಯ ಮರೆಯಲ್ಲಿ 10 ಮಿಲಿಮೀಟರ್ ಸಡಿಲಿಸಲು ಅವಕಾಶವಿದ್ದರೂ ಉಳಿದ 5 ಮಿಲಿಮೀಟರ್ ಬ್ರೇಕನ್ನು ಸದಾ ಹಿಡಿದೇ ಇಟ್ಟಿರುತ್ತದೆ. ಎರಡು ಮೂರು ಮಿಲಿಮೀಟರ್ ಕಡಿಮೆ ಬಂದರೆ ಚಿಂತೆಯಿಲ್ಲ, ಹಳೆಯದು ಬಳಕೆಯಲ್ಲಿ ಅಷ್ಟು ಉದ್ದವಾಗಿರಬಹುದು. ತುದಿಯ ಗುಂಡಿಯ ಆಕಾರ, ಮರೆಯ ಅಳತೆ, ಕವಚ ಬ್ರಾಕೆಟ್ಟಿನಲ್ಲಿ ಕೂರುವ ಭಾಗದ ವ್ಯಾಸ, ಇವನ್ನೂ ಕಾರಿನ ಅಡಿಗೆ ಹೋಗುವ ಮುನ್ನವೇ ಹೋಲಿಸಿ.

ಹೊಸದನ್ನು ಕೂರಿಸುವುದು

ಹೊಸ ಕೇಬಲ್ಲಿನ ಕವಚದೊಳಗೆ ನೈಲಾನ್ ಅಥವಾ ಟೆಫ್ಲಾನ್ ಒಳಪದರವಿದ್ದರೆ ಅದಕ್ಕೆ ಗ್ರೀಸ್ ತುಂಬಬೇಡಿ. ಗ್ರೀಸ್ ಧೂಳನ್ನು ಹಿಡಿದು ಒಳಪದರವನ್ನು ಅರೆಯುತ್ತದೆ. ಹಳೆಯ ಮಾದರಿಯ ಬರಿಯ ಉಕ್ಕಿನ ಕವಚವಾದರೆ ಮಾತ್ರ ಕೂರಿಸುವ ಮೊದಲು ಗ್ರೀಸ್ ತುಂಬಿ.

ಒಳಗೆ ಬಿಟ್ಟಿದ್ದ ದಾರಕ್ಕೆ ಹೊಸ ಕೇಬಲ್ಲನ್ನು ಕಟ್ಟಿ ಎಳೆದುಕೊಳ್ಳಿ. ದಾರಿಯಲ್ಲಿ ಎಲ್ಲೂ ತೀಕ್ಷ್ಣ ಬಾಗು ಇರಬಾರದು, ಸೈಲೆನ್ಸರಿನ ಕೊಳವೆಗೂ ಬ್ರೇಕಿನ ಎಣ್ಣೆಯ ಪೈಪಿಗೂ ತಾಗಬಾರದು. ಮೂಲದಲ್ಲಿದ್ದ ಎಲ್ಲ ಕ್ಲಿಪ್ಪುಗಳನ್ನೂ ಹಾಕಿ. ಕಾರು ಸ್ಟ್ಯಾಂಡಿನ ಮೇಲಿದ್ದಾಗ ಹಿಂದಿನ ಆಕ್ಸಲ್ ಕೆಳಗೆ ಜೋತುಬಿದ್ದಿರುತ್ತದೆ, ನೆಲಕ್ಕಿಳಿದಾಗ ಮೇಲಕ್ಕೆ ಬರುತ್ತದೆ. ಆ ಎರಡೂ ಸ್ಥಿತಿಗಳಲ್ಲಿ ಕೇಬಲ್ ಎಳೆದುಕೊಳ್ಳದೆ, ಉಜ್ಜದೆ ಆಡುವಷ್ಟು ಸಡಿಲು ಬೇಕು.

ಕವಚವನ್ನು ಬ್ಯಾಕ್ ಪ್ಲೇಟಿಗೆ ಸಿಕ್ಕಿಸಿದಾಗ ಬೆರಳುಗಳು ಒಳಬದಿಯಲ್ಲಿ ಕಟಕ್ಕನೆ ಬಿಚ್ಚಿಕೊಳ್ಳಬೇಕು. ಹೊರಗಿನಿಂದ ಎಳೆದು ನೋಡಿ, ಬರಬಾರದು. ತಂತಿಯ ಸುತ್ತಿನ ಸ್ಪ್ರಿಂಗನ್ನು ಒತ್ತಿ, ತುದಿಯನ್ನು ಸನ್ನೆಗೆ ಹಾಕಿ, ಶೂಗಳನ್ನು ಜೋಡಿಸಿ. ಕೀಲುಪಿನ್ನನ್ನು ಹಳೆಯ ತೂತಿಗೆ ಹಾಕಿ ಅಲುಗಿಸಿ ನೋಡಿ. ಪಿನ್ನಿನ ಮೇಲೆ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಹೊಸ ಪಿನ್ ಬೇಕು, ತೂತು ಅಂಡಾಕಾರವಾಗಿದ್ದರೆ ಆ ತುಂಡೇ ಬದಲಾಗಬೇಕು. ಜಾಗ ಬಿಟ್ಟರೆ ಪಿನ್ನನ್ನು ಮೇಲಿನಿಂದ ಕೆಳಕ್ಕೆ ಹಾಕಿ. ಸ್ಪ್ಲಿಟ್ ಪಿನ್ ಯಾವಾಗಲಾದರೂ ಬಿದ್ದುಹೋದರೂ ಕೀಲುಪಿನ್ ತನ್ನ ಭಾರದಿಂದಲೇ ಕುಳಿತಿರುತ್ತದೆ. ಸ್ಪ್ಲಿಟ್ ಪಿನ್ ಮಾತ್ರ ಪ್ರತಿ ಸಲವೂ ಹೊಸದೇ ಆಗಬೇಕು.

ಈಕ್ವಲೈಸರನ್ನು ಬಿಚ್ಚಿ ಶುಚಿಮಾಡಿ ಗ್ರೀಸ್ ಹಾಕದೆ ಹಾಗೆಯೇ ಬಿಡಬೇಡಿ. ಅದು ತುಕ್ಕಿನಿಂದ ಗಟ್ಟಿಯಾಗಿದ್ದರೆ ಎಳೆತವನ್ನು ಹಂಚುವುದಿಲ್ಲ, ಒಂದು ಚಕ್ರ ಪೂರ್ತಿ ಹಿಡಿದು ಇನ್ನೊಂದು ಸುಮ್ಮನೆ ತಿರುಗುತ್ತದೆ.

ಹೊಂದಾಣಿಕೆ

ಈಗಲೂ ಕೇಬಲ್ಲಿನ ನಟ್ಟನ್ನು ಮುಟ್ಟಬೇಡಿ. ಅದು ಸಡಿಲವಾಗಿಯೇ ಇರಲಿ. ಡ್ರಮ್‌ಗಳನ್ನು ಹಾಕಿ, ಬ್ರೇಕ್ ಪೆಡಲನ್ನು ಕೆಲವು ಸಲ ಗಟ್ಟಿಯಾಗಿ ಒತ್ತಿ ಶೂಗಳು ನಡುವಿಗೆ ಕೂರುವಂತೆ ಮಾಡಿ. ಆಮೇಲೆ ಶೂಗಳ ಹೊಂದಾಣಿಕೆಯನ್ನು ಚಕ್ರ ತಿರುಗದಷ್ಟು ಬಿಗಿದು, ಅನಂತರ ಚಕ್ರ ಸಲೀಸಾಗಿ ತಿರುಗುವವರೆಗೆ ಮಾತ್ರ ಹಿಂದಕ್ಕೆ ತಿರುಗಿಸಿ. ಕಿವಿಯಿಟ್ಟರೆ ಲೈನಿಂಗ್ ತಾಗುವ ಸಣ್ಣ ಸರ್ ಎಂಬ ಸದ್ದು ಕೇಳಿದರೆ ತೊಂದರೆಯಿಲ್ಲ, ಕೈಗೆ ತಡೆ ಸಿಗಬಾರದು. ಇದನ್ನು ಎರಡೂ ಚಕ್ರಗಳಲ್ಲಿ ಮುಗಿಸಿದ ಮೇಲೆ ಲಿವರನ್ನು ಎತ್ತಿ ನೋಡಿ. ಎಷ್ಟೋ ಕಾರುಗಳಲ್ಲಿ ಕೇಬಲ್ ಮುಟ್ಟುವ ಮೊದಲೇ ಅರ್ಧ ಸಮಸ್ಯೆ ಇಲ್ಲಿಗೆ ಮುಗಿದಿರುತ್ತದೆ.

ಈಗ ಲಿವರ್ ಪೂರ್ತಿ ಇಳಿದಿರುವಾಗ ನಟ್ಟನ್ನು ತಂತಿಯ ಸಡಿಲು ಹೋಗುವವರೆಗೆ ಮಾತ್ರ ತಿರುಗಿಸಿ. ಲಿವರನ್ನು ಎರಡು ಹಲ್ಲು ಎತ್ತಿದಾಗ ಎರಡೂ ಚಕ್ರಗಳು ಕೈಗೆ ಸಮನಾದ ತಡೆ ಕೊಡುತ್ತ ತಿರುಗಬೇಕು. ನಾಲ್ಕೈದು ಹಲ್ಲು ಎತ್ತಿದಾಗ ಕೈಯಿಂದ ತಿರುಗಿಸಲು ಆಗಬಾರದು. ಪೂರ್ತಿ ಇಳಿಸಿದಾಗ ಯಾವ ತಡೆಯೂ ಉಳಿಯಬಾರದು. ಈ ಮೂರರಲ್ಲಿ ಕೊನೆಯದೇ ಮುಖ್ಯ. ನಿಮ್ಮ ಕಾರಿನ ಕೈಪಿಡಿ ಬೇರೆ ಸಂಖ್ಯೆ ಹೇಳಿದರೆ ಅದನ್ನೇ ಅನುಸರಿಸಿ. ಲಿವರ್ ಎತ್ತಿದ ಸ್ಥಿತಿಯಲ್ಲಿ ಈಕ್ವಲೈಸರ್ ಹೆಚ್ಚುಕಡಿಮೆ ನೇರವಾಗಿ ನಿಂತಿರಬೇಕು. ಒಂದು ಬದಿಗೆ ತೀರ ವಾಲಿದ್ದರೆ ಎರಡು ಡ್ರಮ್‌ಗಳ ಶೂ ಹೊಂದಾಣಿಕೆ ಸಮವಾಗಿಲ್ಲ ಅಥವಾ ಒಂದು ಬದಿಯ ಕೇಬಲ್ ತಪ್ಪು ಅಳತೆಯದು. ಬೀಟಲ್‌ನಂತೆ ಎರಡು ಪ್ರತ್ಯೇಕ ಕೇಬಲ್ ಇರುವ ಕಾರಿನಲ್ಲಿ ಈ ಸಮತೋಲ ನಿಮ್ಮ ಕೈಯಲ್ಲೇ ಇದೆ, ಎರಡು ನಟ್ಟುಗಳನ್ನು ಪರ್ಯಾಯವಾಗಿ ಅರ್ಧರ್ಧ ಸುತ್ತು ತಿರುಗಿಸುತ್ತ ಎರಡೂ ಚಕ್ರಗಳನ್ನು ಹೋಲಿಸಬೇಕು.

ನಂತರ ಲಿವರನ್ನು ಗಟ್ಟಿಯಾಗಿ ಹದಿನೈದು ಇಪ್ಪತ್ತು ಸಲ ಎಳೆದು ಬಿಡಿ. ಹೊಸ ಕೇಬಲ್ಲಿನ ಎಳೆಗಳೂ ಕವಚವೂ ಕುಳಿತುಕೊಂಡು ಸ್ವಲ್ಪ ಸಡಿಲು ಬರುತ್ತದೆ. ಅದನ್ನು ಸರಿಪಡಿಸಿ ಲಾಕ್ ನಟ್ ಬಿಗಿಯಿರಿ. ಈ ಹಂತದಲ್ಲಿ ಇನ್ನೊಬ್ಬರು ಲಿವರ್ ಎಳೆಯುತ್ತಿದ್ದರೆ ನೀವು ಬ್ರಾಕೆಟ್ಟುಗಳ ಮೇಲೆ ಟಾರ್ಚ್ ಬಿಟ್ಟು ನೋಡಬಹುದು; ಯಾವುದಾದರೂ ಬಾಗುತ್ತಿದ್ದರೆ ಆಗ ಕಣ್ಣಿಗೇ ಕಾಣುತ್ತದೆ.

ಪರೀಕ್ಷೆ

ಚಕ್ರಗಳನ್ನು ಹಾಕಿ, ಕಾರನ್ನು ಇಳಿಸಿ, ನಟ್ಟುಗಳನ್ನು ಬಿಗಿದು, ಮೊದಲು ಸಮತಟ್ಟಾದ ಜಾಗದಲ್ಲಿ ನಡಿಗೆಯ ವೇಗದಲ್ಲಿ ಲಿವರ್ ಎತ್ತಿ ನೋಡಿ. ಅನಂತರ ಇಳಿಜಾರಿನಲ್ಲಿ, ಕಾರಿನ ಮೂತಿ ಮೇಲಿದ್ದಾಗ ಒಮ್ಮೆ, ಕೆಳಗಿದ್ದಾಗ ಒಮ್ಮೆ. ಕಾಲು ಬ್ರೇಕ್ ಪೆಡಲಿನ ಮೇಲೆ ಸಿದ್ಧವಾಗಿರಲಿ. ಎರಡೂ ದಿಕ್ಕಿನಲ್ಲಿ ನೋಡುವುದು ಅಗತ್ಯ, ಏಕೆಂದರೆ ಡ್ರಮ್ ಬ್ರೇಕಿನ ಹಿಡಿತ ಚಕ್ರ ತಿರುಗಲು ಯತ್ನಿಸುವ ದಿಕ್ಕಿಗೆ ತಕ್ಕಂತೆ ಬದಲಾಗುವುದುಂಟು. ಇಂದಿನ ಕಾರುಗಳಿಗೆ ವಿಶ್ವಸಂಸ್ಥೆಯ 13-ಎಚ್ ನಿಯಮ ಹೇಳುವ ಮಟ್ಟವೆಂದರೆ, ಪೂರ್ತಿ ಭಾರ ಹೊತ್ತ ಕಾರು ನೂರಕ್ಕೆ 20ರ ಇಳಿಜಾರಿನಲ್ಲಿ, ಅಂದರೆ 5 ಮೀಟರ್ ಮುಂದೆ ಹೋದರೆ 1 ಮೀಟರ್ ಏರುವ ದಾರಿಯಲ್ಲಿ, ಎರಡೂ ದಿಕ್ಕಿಗೆ ನಿಲ್ಲಬೇಕು. ಅದಕ್ಕೆ ಲಿವರಿನ ಮೇಲೆ ಬೇಕಾಗುವ ಎಳೆತ 400 ನ್ಯೂಟನ್, ಅಂದರೆ ಸುಮಾರು 40 ಕಿಲೋ ಭಾರವನ್ನು ಎತ್ತುವಷ್ಟು, ಮೀರಬಾರದು. ಹಳೆಯ ಕಾರಿಗೆ ಈ ನಿಯಮ ಅನ್ವಯಿಸದಿದ್ದರೂ ಗುರಿಯಾಗಿ ಇಟ್ಟುಕೊಳ್ಳಲು ತಕ್ಕದ್ದು.

ಬಳಿಕ ಕಾಲಿನ ಬ್ರೇಕನ್ನು ಆದಷ್ಟು ಕಡಿಮೆ ಬಳಸುತ್ತ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಹಿಂದಿನ ಎರಡೂ ಡ್ರಮ್‌ಗಳ ಹತ್ತಿರ ಕೈಯ ಹಿಂಬದಿಯನ್ನು ಒಯ್ದು ಬಿಸಿ ಹೋಲಿಸಿ. ಒಂದು ಇನ್ನೊಂದಕ್ಕಿಂತ ಸ್ಪಷ್ಟವಾಗಿ ಬಿಸಿಯಾಗಿದ್ದರೆ ಆ ಬದಿಯ ಶೂ ಬಿಡುತ್ತಿಲ್ಲ. ಕೇಬಲ್ಲಿನ ತುದಿಯನ್ನು ಸನ್ನೆಯಿಂದ ಕಳಚಿ ಚಕ್ರ ತಿರುಗಿಸಿ ನೋಡಿದರೆ ದೋಷ ಕೇಬಲ್ಲಿನದೋ ಶೂಗಳದೋ ಎಂಬುದು ತಿಳಿಯುತ್ತದೆ.

ಮುನ್ನೂರು ನಾನ್ನೂರು ಕಿಲೋಮೀಟರ್ ಓಡಿದ ಮೇಲೆ ಹಲ್ಲುಗಳನ್ನು ಮತ್ತೊಮ್ಮೆ ಎಣಿಸಿ. ಹೊಸ ಶೂ ಹಾಕಿದ್ದರೆ ಖಂಡಿತ ಒಂದೆರಡು ಹೆಚ್ಚಾಗಿರುತ್ತವೆ, ಆಗಲೂ ಡ್ರಮ್ಮಿನ ಹೊಂದಾಣಿಕೆಯಿಂದಲೇ ಆರಂಭಿಸಿ. ಕಾರನ್ನು ತಿಂಗಳುಗಟ್ಟಲೆ ಓಡಿಸದೆ ಇಡುವವರು, ವಿಶೇಷವಾಗಿ ತೇವದ ದಿನಗಳಲ್ಲಿ, ಹ್ಯಾಂಡ್‌ಬ್ರೇಕ್ ಎತ್ತಿಟ್ಟು ಹೋಗಬಾರದು, ಲೈನಿಂಗ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಚಕ್ರಗಳಿಗೆ ಬೆಣೆ ಕೊಟ್ಟು, ಗೇರ್ ಹಾಕಿ, ಲಿವರ್ ಇಳಿಸಿ ಇಡಿ. ವಾರಕ್ಕೊಮ್ಮೆ ಹತ್ತಿರ ಹೋದಾಗ ಲಿವರನ್ನು ನಾಲ್ಕು ಸಲ ಎತ್ತಿ ಇಳಿಸಿದರೆ ತಂತಿ ಕವಚದೊಳಗೆ ಆಡುತ್ತಿರುತ್ತದೆ.